ತಾರಸಿಗೆ ಕಾದ ಗೋಡೆಗಳು

ಕಾರು ಪಂಕ್ಚರ್ ಆಗಬಹುದಿತ್ತು. ಕಾರು ಓಡಿಸುವವನಿಗೆ ಅವತ್ತೇ ಜ್ವರ ಬರಬಹುದಿತ್ತು. ಕೆಲಸದ ಮನೆಯ ಯಜಮಾನಿಯ ಮನಸ್ಸು ಬೆಳಗಾಗುವುದರೊಳಗೆ ತಿರುಗಿ, ನೆಂಟರು ಬರುತ್ತಾರೆ, ಮುಂದಿನ ವಾರ ನೋಡೋಣ ಎಂದುಬಿಡಬಹುದಿತ್ತು. ನನ್ನ ತಂಗಿ ಕಚೇರಿಗೆ ತಡವಾಗಿ ಹೋಗಿ ಬಾಗಿಲ ಪೊಲೀಸಿನವರು ಒಳಗೆ ಬಿಡದೆ ಇರಬಹುದಿತ್ತು; ತೀರಾ ಬೇಗ ಹೋಗಿ ಆ ದೇಶದ ಬಿಸಿಲಿಗೆ ತಲೆ ತಿರುಗಿ ಬೀಳಬಹುದಿತ್ತು. ಅವಳ ಪಾಸ್‌ಪೋರ್ಟ್ ಯಜಮಾನನ ಬೀರುವಿನಲ್ಲಿ, ಬೀರುವಿನ ಕೀ ಯಜಮಾನನ ಜೇಬಿನಲ್ಲಿ, ಜೇಬು ಸಮೇತ ಯಜಮಾನ ಇನ್ಯಾವುದೋ ದೇಶದಲ್ಲಿ ಇರಬಹುದಿತ್ತು. ಕಚೇರಿಯ ಕಂಪ್ಯೂಟರ್ ಕೆಟ್ಟಿರಬಹುದಿತ್ತು. ಅಲ್ಲಿ ಯುದ್ಧ ಶುರುವಾಗಬಹುದಿತ್ತು. ಇಲ್ಲಿ ನನ್ನ ಬ್ಯಾಂಕಿನವರು ಕೆವೈಸಿ ಹಳೆಯದಾಯಿತೆಂದು ಬಂದ ದುಡ್ಡನ್ನು ಬಂದ ದಾರಿಯಲ್ಲೇ ವಾಪಸು ಕಳಿಸಬಹುದಿತ್ತು. ಮಳೆ ಮುಂಚೆಯೇ ಬಂದು ಸಿಮೆಂಟ್ ಮೂಟೆಗಳು ಕಲ್ಲಾಗಬಹುದಿತ್ತು. ಕೊನೆಗೆ, ಇಷ್ಟೆಲ್ಲ ಯೋಚಿಸಿದ್ದಕ್ಕೇ ನನಗೆ ಎದೆನೋವು ಬಂದು ನಾನು ಚಾಮರಾಜನಗರದ ಆಸ್ಪತ್ರೆಯಲ್ಲೂ ನನ್ನ ಫೋನು ಗುಂಡ್ಲುಪೇಟೆಯ ಮನೆಯ ಮೇಜಿನ ಮೇಲೂ ಉಳಿದುಬಿಡಬಹುದಿತ್ತು.

ಇದನ್ನೆಲ್ಲ ನಾನು ಶ್ರದ್ಧೆಯಿಂದ, ಒಂದನ್ನೂ ಬಿಡದೆ ಚಿಂತಿಸಿ ಮುಗಿಸಿದ್ದೆ. ಇದರಲ್ಲಿ ಒಂದೂ ಆಗಲಿಲ್ಲ.

ಚಿಂತೆ ನನ್ನ ಉಪಕಸುಬು. ಮುಖ್ಯ ಕಸುಬು ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಿಂದ ಒಂದಿಷ್ಟು ಆಚೆ ಇರುವ ಸಣ್ಣ ಔಷಧಿ ಅಂಗಡಿ. ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ ತೆಳ್ಳನೆಯ ಕಾಗದವೊಂದಿರುತ್ತದೆ. ತಲೆಸುತ್ತು, ವಾಂತಿ, ಅಪರೂಪಕ್ಕೆ ಸಾವು ಎಂದೆಲ್ಲ ಇರುವೆಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಕೊನೆತನಕ ಓದುವವನು ತಾಲ್ಲೂಕಿಗೆ ನಾನೊಬ್ಬನೇ ಇರಬೇಕು. "ಚಿಂತೆಗ ಅಂತ ಒಂದು ಮಾತ್ರೆ ಬಂದ್ರ, ಅದ್ರ ಚೀಟಿ ಓದಿ ಇನ್ನೊಂದು ಚಿಂತೆ ತಕ್ಕತರ ಇವ್ರು" ಎಂದು ನನ್ನ ಹೆಂಡತಿ ಗಿರಾಕಿಗಳ ಎದುರಿಗೇ ಹೇಳುತ್ತಾಳೆ. ಗಿರಾಕಿಗಳು ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಅವರು ನಕ್ಕಿದ್ದು ಯಾಕಿರಬಹುದು ಎಂದು ಸಂಜೆತನಕ ಯೋಚಿಸುತ್ತೇನೆ.

ತಂಗಿ ನನಗೆ ತೀರಾ ತದ್ವಿರುದ್ಧ. ಸಂತೆಮರಹಳ್ಳಿ ಕಡೆಗೆ ಕೊಟ್ಟಿದ್ದೆವು. ಗಂಡ ಇನ್ನೊಬ್ಬಳನ್ನು ಕರೆದುಕೊಂಡು ಬಂದ ದಿನ, ಅವರಿಬ್ಬರಿಗೂ ಅಡುಗೆ ಮಾಡಿಟ್ಟು, ಒಲೆ ಆರಿಸಿ, ಟ್ರಂಕು ಹಿಡಿದು ಬಸ್ಸು ಹತ್ತಿದವಳು ಅವಳು. ನಮ್ಮ ಮನೆಯಲ್ಲಿ ಕೆಲವು ವರ್ಷ ಇದ್ದಳು. ಯಾರೂ ಒಂದು ಮಾತು ಆಡಲಿಲ್ಲ. ಆಡದೆ ಇದ್ದುದೇ ಅವಳಿಗೆ ಭಾರವಾಗಿತ್ತೇನೋ. "ಅಣ್ಣನ ಮನೇಲಿ ಉಂಡ ತಟ್ಟೆನ ಎಷ್ಟ್ ಮೆತ್ತಗ ಮಡಗಿದ್ರೂ ಸದ್ದಾಯ್ತದ ಕಣಣ್ಣ" ಎಂದಳು ಒಮ್ಮೆ. ಆಮೇಲೆ ಮೈಸೂರಿನ ಒಬ್ಬ ಏಜೆಂಟನ ಮೂಲಕ ಗಲ್ಫ್ ದೇಶವೊಂದಕ್ಕೆ ಮನೆಗೆಲಸಕ್ಕೆ ಹೋದಳು. ಅದು ಯಾವ ದೇಶ ಎಂದು ನಾನು ಎಷ್ಟು ಸಲ ಹೇಳಿದರೂ ನಮ್ಮ ಬೀದಿಯವರಿಗೆ ಅದು ದುಬೈಯೇ. ಸಮುದ್ರ ದಾಟಿದರೆ ದುಬೈ, ಬೆಟ್ಟ ಇಳಿದರೆ ಕೇರಳ. ಅವರ ಭೂಗೋಳ ಅಷ್ಟಕ್ಕೆ ಮುಗಿಯುತ್ತದೆ.

ಅವಳಿಗೆ ಬೇಕಾಗಿದ್ದು ಒಂದೇ: ಸ್ವಂತದ ಒಂದು ಸೂರು. ತೆರಕಣಾಂಬಿಯಲ್ಲಿ ನಮ್ಮಪ್ಪನ ಕಾಲದ ಹಿತ್ತಿಲ ಜಾಗವನ್ನು ಅವಳ ಹೆಸರಿಗೆ ಬರೆದುಕೊಟ್ಟಿದ್ದೆ. ಅಲ್ಲಿ ಮನೆ ಏಳತೊಡಗಿತು. ಗಲ್ಫಿನಲ್ಲಿ ಅವಳು ಪಾತ್ರೆ ಉಜ್ಜಿದ್ದು ಇಲ್ಲಿ ಅಡಿಪಾಯವಾಯಿತು. ಅಲ್ಲಿ ಯಾರದೋ ಮಕ್ಕಳಿಗೆ ಸ್ನಾನ ಮಾಡಿಸಿದ್ದು ಇಲ್ಲಿ ಗೋಡೆಯಾಯಿತು. ಕಿಟಕಿ ಬಾಗಿಲುಗಳ ಮೇಲೆ ಲಿಂಟಲ್ ಕೂತು, ಅದರ ಮೇಲಿನ ವರಸೆ ಇಟ್ಟಿಗೆಯೂ ಏರಿ, ತಾರಸಿ ಒಂದು ಉಳಿಯಿತು.

"ತಾರಸಿ ಬಿದ್ದ ದಿನವೇ ಇಲ್ಲಿಂದ ಹೊಂಟ್ಬುಡ್ತಿನಿ ಕಣಣ್ಣ" ಎಂದಿದ್ದಳು ಫೋನಿನಲ್ಲಿ. "ನೆಲ ಬ್ಯಾಡ, ಬಣ್ಣ ಬ್ಯಾಡ. ತಲ ಮ್ಯಾಲ ಒಂದ್ ಮರೆ ಇರ್ಲಿ. ಮಿಕ್ಕಿದ್ದ ಒಳಗ ಕೂತ್ಕಂಡೇ ಮಾಡ್ಸನ."

ಕೊನೆಯ ಆ ಖರ್ಚಿಗೆ ನಾನು ಕೈಯಿಂದ ಹಾಕುತ್ತೇನೆಂದರೆ ಒಪ್ಪಲಿಲ್ಲ. "ನೀ ಹಾಕಿದ್ರ ಅದು ನಿನ್ನ ಮನೆ ಆಯ್ತದ. ಅದ್ಕ ನಾ ಇಷ್ಟ್ ದೂರ ಬರ್ಬೇಕಿತ್ತಾ?" ಅದು ಅವಳ ಸ್ವಾಭಿಮಾನ. ನನಗೆ ಅನುಕೂಲವೂ ಹೌದು. ಕೊಡುತ್ತೇನೆಂದು ಹೇಳಿದೆನೇ ಹೊರತು ಕೊಡಲು ನನ್ನಲ್ಲಿ ಇರಲಿಲ್ಲ.

ಅವಳು ಕಳಿಸುತ್ತಿದ್ದ ದುಡ್ಡು ತಿಂಗಳ ಮೊದಲ ವಾರ ತಪ್ಪದೆ ಬರುತ್ತಿತ್ತು. ಆ ನಂಬಿಕೆಯಲ್ಲಿ ಮೇಸ್ತ್ರಿಗೆ ಹೂಂ ಅಂದೆ. ಹರವೆಯ ಮೇಸ್ತ್ರಿ ಅವನು. ಬಾಡಿಗೆ ಹಲಗೆ, ಬಿದಿರ ಗಳುಗಳನ್ನು ತಂದು ಸೆಂಟ್ರಿಂಗ್ ನಿಲ್ಲಿಸಿದ. ಮೇಲೆ ಕಂಬಿ ಹೆಣೆದ. ಇನ್ನು ಕಾಂಕ್ರೀಟ್ ಸುರಿಯುವುದೊಂದೇ ಬಾಕಿ ಎನ್ನುವಾಗ ದುಡ್ಡು ಬರುವುದು ನಿಂತಿತು.

ಅದೂ ಯಾರೂ ಮೋಸ ಮಾಡದೆ, ಯಾರೂ ಕದಿಯದೆ. ನನ್ನಂಥವನಿಗೆ ಇದೇ ತಡೆಯಲಾಗದ್ದು. ಬೈಯಲು ಒಬ್ಬ ಮನುಷ್ಯನಾದರೂ ಬೇಕಲ್ಲ.

ಆಗಿದ್ದು ಇಷ್ಟು. ಆ ದೇಶದ ಸರ್ಕಾರ, ಹೊರಗಿನಿಂದ ಬಂದು ದುಡಿಯುವವರೆಲ್ಲ ತಮ್ಮ ಹತ್ತು ಬೆರಳ ಗುರುತು, ಕಣ್ಣಿನ ಗುರುತು, ಮುಖದ ಗುರುತು ಕೊಡಬೇಕೆಂದು ಹೊಸ ಕಾನೂನು ಮಾಡಿತು. ಅದಕ್ಕೊಂದು ಗಡುವು. ಗಡುವಿನೊಳಗೆ ಕೊಡದವರ ಬ್ಯಾಂಕ್ ಖಾತೆಗೆ ಬೀಗ. ಅದಕ್ಕಿಂತ ಮುಂಚೆ ಇನ್ನೊಂದು ಕಾನೂನು ಬಂದಿತ್ತು: ಮನೆಗೆಲಸದವರ ಸಂಬಳ ಕೈಗೆ ಕೊಡಕೂಡದು, ಬ್ಯಾಂಕಿಗೇ ಹಾಕಬೇಕು. ಯಜಮಾನರು ಸಂಬಳ ನುಂಗಬಾರದೆಂದು ಮಾಡಿದ ಒಳ್ಳೆಯ ಕಾನೂನು. ಎರಡನೆಯದೂ ಒಳ್ಳೆಯದೇ ಇರಬಹುದು. ದೇಶ ಎಂದ ಮೇಲೆ ಒಳಗೆ ಯಾರಿದ್ದಾರೆಂದು ಗೊತ್ತಿರಬೇಕಲ್ಲ. ಎರಡು ಒಳ್ಳೆಯ ಕಾನೂನುಗಳ ನಡುವೆ ನನ್ನ ತಂಗಿ ಬಾಗಿಲ ಸಂದಿಗೆ ಸಿಕ್ಕ ಬೆರಳಿನಂತಾದಳು. ಗಡುವಿನ ಹೊತ್ತಿಗೆ ಯಜಮಾನಿಗೆ ಬಾಣಂತನ. ಇವಳನ್ನು ಮನೆಯಿಂದ ಆಚೆ ಬಿಡುವ ಹಾಗಿರಲಿಲ್ಲ. ಒಬ್ಬಳೇ ಹೋಗಲು ಇವಳಿಗೆ ದಾರಿಯೂ ಗೊತ್ತಿಲ್ಲ, ಭಾಷೆಯೂ ಪೂರ್ತಿ ಬಾರದು. ಗಡುವು ದಾಟಿತು. ಸಂಬಳ ಖಾತೆಗೆ ಬೀಳುತ್ತಲೇ ಇತ್ತು. ಅವಳು ಅದನ್ನು ಫೋನಿನಲ್ಲಿ ನೋಡಬಹುದಿತ್ತು. ತೆಗೆಯುವಂತಿರಲಿಲ್ಲ, ಕಳಿಸುವಂತಿರಲಿಲ್ಲ.

ಇದನ್ನು ನನಗೆ ಬಿಡಿಸಿ ಹೇಳಿದವನು ನಮ್ಮ ಅಂಗಡಿಯ ಎದುರು ಚಹಾ ಮಾರುವ ಮಲಯಾಳಿ. ಅವನ ಅರ್ಧ ಬಳಗ ಗಲ್ಫಿನಲ್ಲಿದೆ.

"ಸಾರೇ, ಪೇಡಿ ಬೇಡ, ಹೆದರಬೇಡಿ" ಎಂದ ಚಹಾ ಎತ್ತಿ ಹೊಯ್ಯುತ್ತ. "ಬೆರಳು ಕೊಟ್ಟರೆ ಆಯ್ತು. ಎರಡು ದಿನದಲ್ಲಿ ಅಕೌಂಟ್ ಓಪನ್. ನನ್ನ ಅಳಿಯಂದೂ ಹಾಗೇ ಆಗಿತ್ತು."

"ಕೊಡಕ್ಕೆ ಡೇಟ್ ಸಿಗ್ತಿಲ್ವಲ್ಲಪ್ಪ."

"ಸಿಗ್ತದೆ. ಲಕ್ಷ ಜನ ನಿಂತಿದ್ದಾರೆ ಅಲ್ವಾ, ಕಾಯಬೇಕು."

"ಅಷ್ಟರಲ್ಲಿ ಅವಳ ವೀಸಾ ಚೀಟಿ ಮುಗಿದುಹೋದ್ರೆ?"

ಅವನು ಚಹಾ ಹೊಯ್ಯುವುದನ್ನು ನಿಲ್ಲಿಸಿದ. "ಸಾರೇ, ನೀವು ಮಾತ್ರೆ ಕೊಡುವಾಗಲೂ ಹೀಗೇ ಮಾತಾಡ್ತೀರಾ?"

ಊರಿನಲ್ಲಿ ಇನ್ನೊಂದು ದಾರಿಯನ್ನು ಪಿಸುಮಾತಿನಲ್ಲಿ ಹೇಳುವವರೂ ಇದ್ದರು. ಅಲ್ಲಿ ಒಬ್ಬನ ಕೈಗೆ ಕೊಟ್ಟರೆ ಇಲ್ಲಿ ಇನ್ನೊಬ್ಬ ತಂದುಕೊಡುತ್ತಾನಂತೆ, ಬ್ಯಾಂಕೂ ಬೇಡ ಚೀಟಿಯೂ ಬೇಡ. ಪೊಲೀಸರು ಬಂದು ಅಂಗಡಿಗೆ ಬೀಗ ಹಾಕಿದ ಹಾಗೆ, ನನ್ನ ಫೋಟೊ ಪತ್ರಿಕೆಯಲ್ಲಿ ಬಂದ ಹಾಗೆ, ಅದರಲ್ಲಿ ನನ್ನ ಕಾಲರ್ ಮಡಚಿಕೊಂಡಿದ್ದ ಹಾಗೆ ಎಲ್ಲವನ್ನೂ ಕಂಡು ಮುಗಿಸಿದ ಮೇಲೆ ಹೊಳೆಯಿತು: ಕೊಡಲು ಅವಳ ಕೈಯಲ್ಲಿ ದುಡ್ಡೇ ಇಲ್ಲವಲ್ಲ. ಕಳ್ಳದಾರಿ ಹಿಡಿಯಲಿಕ್ಕೂ ಮೊದಲು ಖಾತೆಯ ಬೀಗ ತೆಗೆಯಬೇಕಿತ್ತು.

ಚಾಮರಾಜನಗರಕ್ಕೂ ಹೋಗಿ ಬಂದೆ. ಕಚೇರಿಯೊಂದರಲ್ಲಿ, ವಿದೇಶದಲ್ಲಿರುವವರ ವಿಚಾರ ನೋಡಿಕೊಳ್ಳುತ್ತಾರೆಂದು ಯಾರೋ ಹೇಳಿದ ಅಧಿಕಾರಿಯ ಮುಂದೆ ನಿಂತೆ. ಒಳ್ಳೆಯ ಮನುಷ್ಯ. ಕೂರಲು ಹೇಳಿದರು.

"ನಿಮ್ಮ ತಂಗಿ ಜೀವಂತ ಇದ್ದಾರೆ ತಾನೆ?"

"ಇದ್ದಾಳೆ ಸಾರ್."

"ಅದೇ ತೊಂದರೆ" ಎಂದರು. ಮಾತು ಬಾಯಿಂದ ಆಚೆ ಬಂದ ಮೇಲೆ ಅವರಿಗೇ ಕಸಿವಿಸಿಯಾಯಿತು. "ತಪ್ಪು ತಿಳ್ಕೋಬೇಡಿ. ಅಲ್ಲಿ ತೀರಿಕೊಂಡರೆ ಹೇಗೆ ತರಿಸೋದು ಅಂತ ನಮಗೆ ಗೊತ್ತು. ಬದುಕಿರೋರ ಸಂಬಳ ತರಿಸೋದು ನಮ್ಮ ಕೈಲಿಲ್ಲ. ಆ ದೇಶದ ಕಾನೂನು, ನೋಡಿ."

ಥ್ಯಾಂಕ್ಸ್ ಹೇಳಿ ಎದ್ದೆ. ವಾಪಸು ಬರುವಾಗ ತೆರಕಣಾಂಬಿಯಲ್ಲಿ ಇಳಿದು ಮನೆಯ ಹತ್ತಿರ ಹೋದೆ. ಮೇಸ್ತ್ರಿ ಅಲ್ಲೇ ಇದ್ದ. ಗಳುಗಳ ಕಾಡಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

"ಬನ್ನಿ ಅಣ್ಣಾರೆ. ದುಬೈ ಏನಂತು?"

"ಇನ್ನೇನು, ಬರುತ್ತೆ."

"ಬಂದ್ರ ಒಳ್ಳೇದು. ಈ ಅಲಗ ನಂದಲ್ಲ, ಬಾಡಿಗೆದು. ಇಂಗೇ ನಿಂತಿದ್ರ ಗೆದ್ಲು ಬಂದು ಗುರುಪ್ರವೇಸ ಮಾಡ್ಬುಡ್ತವ." ತಲೆಯ ಮೇಲಿನ ಕಂಬಿಯನ್ನು ತೋರಿಸಿದ. ಅದಕ್ಕೆ ಆಗಲೇ ತುಕ್ಕಿನ ಬಣ್ಣ ಬಂದಿತ್ತು. "ಬ್ಯಾರೆ ಕಡ ಒಂದು ಮನೆ ಒಪ್ಕಂಡಿವ್ನಿ. ಅವ್ರು ದಿನಾ ಪೋನ್ ಮಾಡ್ತಾವ್ರ. ಅಮಾಸೆ ಕಳೆದ್ರ ಆಸಾಡ. ಆಸಾಡದಲ್ಲಿ ನಾ ತಾರಸಿ ಮುಟ್ಟಲ್ಲ, ಯಾರೂ ಮುಟ್ಟಲ್ಲ. ಅಮಾಸೆ ಒಳಗ ಆಗ್ನಿಲ್ಲ ಅಂದ್ರ ಬಿಚ್ಕಂಡು ಓಯ್ತಿನಿ. ಆಮ್ಯಾಲ ಬೇಜಾರ್ ಮಾಡ್ಕಬ್ಯಾಡಿ."

"ಮತ್ತೆ ಯಾವಾಗ ಸಿಗ್ತೀಯ?"

"ಮಳೆ ಬುಡ್ಬೇಕು, ದೀಪಾವಳಿ ಕಳೀಬೇಕು, ಅಲಗ ಬುಡುವಾಗ್ಬೇಕು. ನೋಡನ." ಎಲೆಅಡಿಕೆ ಉಗಿದು ಬಂದು, ಸ್ವಲ್ಪ ಮೆತ್ತಗೆ ಹೇಳಿದ: "ಆಯಮ್ಮನ್ಗ ಏಳಿ, ನಾ ಏನೂ ಕೋಪ ಮಾಡ್ಕಂಡಿಲ್ಲ ಅಂತ."

ಅಮಾವಾಸ್ಯೆಗೆ ಇನ್ನೂ ಒಂದು ವಾರವಿರುವಾಗ, ನಂಬಿದರೆ ನಂಬಿ, ಅವಳಿಗೆ ದಿನ ಸಿಕ್ಕಿತು. ಯಜಮಾನಿಯೇ ಫೋನಿನಲ್ಲಿ ನೋಡಿ ನೋಡಿ ಹಿಡಿದುಕೊಟ್ಟಳಂತೆ. ಮರುದಿನವೇ ಬೆಳಿಗ್ಗೆ ಕಚೇರಿಗೆ ಹೋಗಬೇಕು. ಡ್ರೈವರ್ ಕರೆದುಕೊಂಡು ಹೋಗುತ್ತಾನೆ. ಬೆರಳು ಕೊಟ್ಟರೆ ಎರಡು ದಿನದಲ್ಲಿ ಖಾತೆ ತೆರೆಯುತ್ತದೆ, ಮೂರನೆಯ ದಿನ ದುಡ್ಡು ಗುಂಡ್ಲುಪೇಟೆಯಲ್ಲಿ, ನಾಲ್ಕನೆಯ ದಿನ ಕಾಂಕ್ರೀಟ್ ಮಿಕ್ಸರ್ ತೆರಕಣಾಂಬಿಯಲ್ಲಿ.

ಸಂಜೆ ಅವಳಿಗೆ ಫೋನ್ ಮಾಡಿ ಸೂಚನೆಗಳನ್ನು ಕೊಡತೊಡಗಿದೆ. ಪಾಸ್‌ಪೋರ್ಟ್ ಇವತ್ತೇ ಕೇಳಿ ಇಸಕೋ. ಹಳೆ ಗುರುತಿನ ಚೀಟಿ, ಅದರ ಜೆರಾಕ್ಸ್, ಜೆರಾಕ್ಸಿನ ಜೆರಾಕ್ಸ್. ನೀರಿನ ಬಾಟಲು. ತಲೆಗೆ ಬಟ್ಟೆ. ಫೋನಿಗೆ ಚಾರ್ಜು. ಕಣ್ಣಿನ ಗುರುತು ತೆಗೆಯುವಾಗ ಕಣ್ಣು ಮಿಟುಕಿಸಬೇಡ. ಯಾರಾದರೂ ಕಾಗದಕ್ಕೆ ಸೈನ್ ಹಾಕು ಅಂದರೆ ಹಾಕಬೇಡ. ಹಾಕಲೇಬೇಕು ಅಂದರೆ ಹಾಕು.

"ಅಣ್ಣ" ಎಂದಳು, "ನಾ ಎಣ್ಣು ನೋಡಕ ಬರೋರ ಮುಂದ ಕೂತಾಗ್ಲೂ ನೀ ಇಷ್ಟ್ ಏಳ್ಕೊಟ್ಟಿರ್ನಿಲ್ಲ."

"ಹೇಳ್ಕೊಟ್ಟಿದ್ರೆ ಅವನನ್ನ ಕಟ್ಕೊಳ್ತಿರಲಿಲ್ಲ."

ಜೋರಾಗಿ ನಕ್ಕಳು. ತುಂಬ ದಿನದ ಮೇಲೆ ಕೇಳಿದ ನಗು. "ಮೇಸ್ತ್ರಿಗ ಏಳು, ಪಾಯ್ಸದ ಊಟ ಅಂತ. ತಾರಸಿ ದಿನ ಕೆಲ್ಸದೋರ್ಗೆಲ್ಲ ಬಡುಸ್ಬೇಕು. ಅತ್ತಿಗೆಗ ಏಳು, ಬೆಲ್ಲ ಕಮ್ಮಿ ಮಾಡ್ಬಾರ್ದು ಅಂತ."

ಫೋನಿಟ್ಟ ಮೇಲೆ ಹೆಂಡತಿಗೆ ಹೇಳಿದೆ. "ಬೆಲ್ಲದ್ ಚಿಂತೆ ನಂಗ್ ಬುಡಿ. ನೀವು ಯುದ್ಧ ನೋಡ್ಕಳಿ" ಎಂದು ಟಿವಿ ಹಾಕಿಕೊಟ್ಟಳು. ಆದರೆ ಬೆಳಿಗ್ಗೆ ನಾನು ಎದ್ದಾಗ ಅವಳು ಆಗಲೇ ದೇವರ ಮುಂದೆ ದೀಪ ಹಚ್ಚಿದ್ದಳು, ಸೋಮವಾರ ಅಲ್ಲದಿದ್ದರೂ.

ಅವತ್ತು ನಾನು ಅಂಗಡಿಯಲ್ಲಿ ಜ್ವರಕ್ಕೆ ಕೇಳಿದವರಿಗೆ ಹೊಟ್ಟೆನೋವಿನ ಮಾತ್ರೆ ಕೊಡಹೋಗಿ ಎರಡು ಸಲ ಸಿಕ್ಕಿಬಿದ್ದೆ. ಆಮೇಲೆ ಸುಮ್ಮನೆ ಬಾಗಿಲು ಅರ್ಧ ಎಳೆದು ಕೂತೆ. ಮೆಸೇಜುಗಳು ಬಂದವು. ಕಾರು ಹೊರಟಿತು. ಪಾಸ್‌ಪೋರ್ಟ್ ಕೈಯಲ್ಲಿದೆ. ಕಚೇರಿ ತಣ್ಣಗಿದೆ, ಕುರ್ಚಿ ಇದೆ. ಪೊಲೀಸ್ ಹೆಂಗಸು, ಒಳ್ಳೆಯವಳು, "ಮದರ್, ಸಿಟ್" ಅಂದಳು. ನನ್ನ ಭಯಗಳೆಲ್ಲ ಒಂದೊಂದಾಗಿ ಎದ್ದು ಹೋದವು, ಸಂಜೆ ಸಭೆ ಮುಗಿದ ಮೇಲೆ ಜನ ಎದ್ದು ಹೋಗುವ ಹಾಗೆ. ಮಧ್ಯಾಹ್ನದ ಹೊತ್ತಿಗೆ ಎದುರಿನ ಚಹಾದಂಗಡಿಗೆ ಹೋಗಿ, ಸಕ್ಕರೆ ಹಾಕು ಪರವಾಗಿಲ್ಲ ಎಂದೆ.

ಅಲ್ಲೇ ನಿಂತಿರುವಾಗ ಫೋನು ಬಂತು.

"ಆಗ್ನಿಲ್ಲ ಕಣಣ್ಣ."

"ಏನಾಗ್ನಿಲ್ಲ?"

"ಕಣ್ಣು ತಕ್ಕಂಡ್ರು, ಮೊಖ ತಕ್ಕಂಡ್ರು. ಬೆರಳು ತಕ್ಕಳ್ನಿಲ್ಲ. ಮಿಷಿನ್ನು ಕೆಂಪಾಯ್ತಿತ್ತು, ತಿರ್ಗ ಮಡಗು ಅನ್ನೋರು, ತಿರ್ಗ ಕೆಂಪಾಯ್ತಿತ್ತು. ಇನ್ನೊಂದ್ ದಿನ ಬಾ ಅಂದ್ರು. ಡೇಟ್ ಕೊಟ್ಟವ್ರ, ದೀಪಾವಳಿ ಆಚಿಕ."

ಮೆಷಿನ್ ಕೆಟ್ಟಿತ್ತೇನೋ, ಬೇರೆ ಮೆಷಿನ್‌ಗೆ ಹಾಕಿಸು ಎಂದು ಕೇಳಬೇಕಿತ್ತು, ಅಲ್ಲಿ ದೊಡ್ಡವರು ಯಾರೂ ಇರಲಿಲ್ಲವೇ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಎಲ್ಲದಕ್ಕೂ "ಊಂ" ಅಂದಳು. ಮಗು ಅಳುತ್ತಿದೆ ಎಂದು ಇಟ್ಟಳು. ಚಹಾದವನು ನನ್ನ ಮುಖ ನೋಡಿ, ಕಾಸು ಬೇಡ ಎಂದು ಕೈಯಾಡಿಸಿದ.

ಮೇಸ್ತ್ರಿ ಅಮಾವಾಸ್ಯೆ ಕಳೆದ ಮಾರನೆಯ ದಿನ ಬಿಚ್ಚಿದ. ಹೇಳಿದ್ದಕ್ಕಿಂತ ಜಾಸ್ತಿಯೇ ಕಾದಿದ್ದ, ಅವನನ್ನು ಏನೂ ಅನ್ನುವ ಹಾಗಿರಲಿಲ್ಲ. ನಾನು ಹೋಗಿ ನಿಂತು ನೋಡಿದೆ. ಹೆಣೆದ ಕಂಬಿಗಳನ್ನು ತುಂಡು ತುಂಡಾಗಿ ಕಳಚಿ ಗೋಡೆಗೆ ಒರಗಿಸಿದರು. ಹಲಗೆಗಳನ್ನು ಎತ್ತಿ ಗಾಡಿಗೆ ಹಾಕಿದರು. ಕೊನೆಯ ಗಳು ತೆಗೆದಾಗ ಒಳಗೆಲ್ಲ ಒಮ್ಮೆಲೇ ಬೆಳಕಾಯಿತು. ನಾಲ್ಕು ಗೋಡೆ, ಮೇಲೆ ಆಕಾಶ. ಆಷಾಢದ ಗಾಳಿ ಅವತ್ತೇ ಶುರುವಾಗಿ ಪಕ್ಕದ ಹೊಲದ ಧೂಳನ್ನೆಲ್ಲ ತಂದು ಅಡುಗೆಮನೆ ಆಗಬೇಕಾದಲ್ಲಿ ಸುರಿಯಿತು. ಪಾಯಸಕ್ಕೆಂದು ತಂದಿಟ್ಟ ಬೆಲ್ಲದಲ್ಲಿ ಹೆಂಡತಿ ಏನೂ ಮಾಡಲಿಲ್ಲ, ಡಬ್ಬಕ್ಕೆ ಹಾಕಿ ಮುಚ್ಚಿಟ್ಟಳು.

"ಎಲ್ಲ ಬಿಟ್ಟು ಬಂದ್ಬಿಡು" ಎಂದೆ ತಂಗಿಗೆ ಆಮೇಲೆ ಫೋನಿನಲ್ಲಿ. "ನಮ್ಮನೆ ಇದೆಯಲ್ಲ."

"ಬರ್ಬೋದು. ಬರೋಕ ಯಾರೂ ಬ್ಯಾಡ ಅನ್ನಲ್ಲ. ದುಡ್ಡ ಇಲ್ಲೇ ಬುಟ್ಟು ಬರ್ಬೇಕು, ಅಷ್ಟೇಯ." ಹಿಂದೆಯೇ ಇನ್ನೊಂದು ಸೇರಿಸಿದಳು: "ಇನ್ನ ಎರಡ್ ವರ್ಷಕ್ಕ ಇದ್ದೋಗು ಅಂತವಳ ಯಜಮಾನಿ. ಊಂ ಅಂದ್ಬುಟ್ಟೆ."

ಎರಡು ವರ್ಷ. ಒಪ್ಪಿಕೊಂಡ ಮೇಲೆ ಹೇಳಿದಳು, ನನ್ನನ್ನು ಕೇಳಿ ಒಪ್ಪಿಕೊಳ್ಳಲಿಲ್ಲ. ಹೂಂ ಅನ್ನದೆ ಇದ್ದು, ಡೇಟು ಬರುವುದರೊಳಗೆ ಅವಳ ವೀಸಾ ಚೀಟಿಯ ಅವಧಿ ಮುಗಿದರೆ ಅವಳು ಆ ದೇಶದ ಲೆಕ್ಕದಲ್ಲಿ ಇಲ್ಲದವಳಾಗುತ್ತಾಳೆ. ಇಲ್ಲದವಳ ಖಾತೆ ಯಾರು ತೆರೆಯುತ್ತಾರೆ? ಚಹಾದವನನ್ನು ಕೇಳಿದೆ. ಈ ಸಲ ಅವನು ಪೇಡಿ ಬೇಡ ಎನ್ನಲಿಲ್ಲ.

ಬೆರಳಿನ ಗುರುತು ಯಾಕೆ ಬೀಳಲಿಲ್ಲ ಎನ್ನುವುದು ನನಗೆ ತಿಳಿದದ್ದು ಇನ್ನೂ ಕೆಲವು ದಿನ ಕಳೆದ ಮೇಲೆ, ವಿಡಿಯೋ ಕಾಲ್ ಮಾಡಿದಾಗ. ಅವಳು ಎಡಗೈಯಲ್ಲಿ ಸೆರಗು ಸರಿಪಡಿಸಿಕೊಂಡಳು. ಬೆರಳ ತುದಿಗಳು ಏನೋ ಬೇರೆ ಥರ ಕಂಡವು.

"ಕೈಗೇನಾಯ್ತು? ತೋರ್ಸು."

"ಏನಿಲ್ಲ ಬುಡು."

"ತೋರ್ಸು ಅಂದೆ."

ತೋರಿಸಿದಳು. ಹತ್ತೂ ಬೆರಳ ತುದಿ ಹೊಸ ಚರ್ಮ ಬಂದು ಎಳೆಗೂಸಿನದರ ಹಾಗೆ ಗುಲಾಬಿಯಾಗಿ ನುಣ್ಣಗಿತ್ತು. ಒಂದು ಗೆರೆಯಿಲ್ಲ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೊಮ್ಯಾಟೊ ಕೀಳಲು ಹೋದವರ ಬೆರಳಿಗೆ ಗಿಡದ ಹಸಿರು ಮೆತ್ತಿಕೊಂಡು ಕಪ್ಪಾಗಿ ಕೂತುಬಿಡುತ್ತದೆ. ಆ ಕೈಯಲ್ಲಿ ರೇಷನ್ ಅಂಗಡಿಗೆ ಹೋದರೆ ಹೆಬ್ಬೆಟ್ಟಿನ ಮೆಷಿನ್ ಒಪ್ಪುವುದಿಲ್ಲ, ಅಕ್ಕಿ ಸಿಗುವುದಿಲ್ಲ. ಅದಕ್ಕೇ ಹಿಂದಿನ ಸಂಜೆ ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ಕಪ್ಪು ಹೋಗುವ ತನಕ ಉಜ್ಜುತ್ತಾರೆ. ನಮ್ಮ ಮನೆಯಲ್ಲಿದ್ದಾಗ ಕೂಲಿಗೆ ಹೋಗಿ ಬಂದು ಅವಳೂ ಹಿತ್ತಿಲ ಕಲ್ಲಿನ ಮೇಲೆ ಕೂತು ಉಜ್ಜುತ್ತಿದ್ದಳಂತೆ. ನಾನು ಅದನ್ನು ಎಂದೂ ಗಮನಿಸಿರಲಿಲ್ಲ.

"ಅಲ್ಲಿ ಟೊಮ್ಯಾಟೊ ಎಲ್ಲಿತ್ತೇ?" ಎಂದೆ.

"ಟೊಮ್ಯಾಟೊ ಇರ್ನಿಲ್ಲ ಕಣಣ್ಣ. ಸರ್ಕಾರದ ಮಿಷಿನ್ನು ಅಂದ್ರಲ್ಲ, ಬೆಳ್ಗೆ ಬೆರಳು ಮಡಗ್ಬೇಕು ಅಂತ. ಇಲ್ಲಿ ನಾರು ಸಿಗಲ್ಲ. ಪಾತ್ರೆ ಉಜ್ಜೋ ಸ್ಟೀಲಿಂದು ಇತ್ತು, ನಿಂಬೆಹಣ್ಣಿತ್ತು. ನೀ ಪೋನ್ ಮಡಗುದ್ ಮ್ಯಾಲ ಕೂತ್ಕಂಡು ಹತ್ತೂ ಬೆರಳ್ನೂ ಚೆನ್ನಾಗಿ ತೊಳ್ಕಂಡೆ."